ಗೋರೆಸಾಬನ ಗೋರಿಗೆ ಹೊದಿಸಿದ ಗಲೀಫು

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಸಿಂಧನೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಯಾರಾದರೂ ಇಂಥ ಮಾತು ತೆಗೆದರೆ ಸಾಕ್ಷಿ ಎಲ್ಲಿದೆ ಎಂದು ಕೇಳಿ ಬಾಯಿ ಮುಚ್ಚಿಸುವುದು ನನ್ನ ಚಾಳಿ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ, ಸಾಕ್ಷಿ ಕೇಳಿದರೆ ನನ್ನ ಹತ್ತಿರವೂ ಇಲ್ಲ. ನೀವು ನಕ್ಕರೆ ಬೇಸರ ಮಾಡಿಕೊಳ್ಳುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ನಗುತ್ತಿದ್ದೆ.

ನನಗೊಂದು ಹುಚ್ಚಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಸ್ಕೆಟ್ ಬಂದೂಕಿನ ಕಾಲದ ಯುರೋಪಿನ ಸೈನ್ಯಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಆ ಸಿಪಾಯಿಗಳು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲುತ್ತಿದ್ದರು. ಮದ್ದು ಗುಂಡು ಸುತ್ತಿದ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿದು, ತುಂಡನ್ನು ಉಗುಳಿ, ನಳಿಗೆಯ ಬಾಯಿಗೆ ಸುರಿದು, ಸಲಾಕೆಯಿಂದ ಜಡಿದು ಹಾರಿಸಬೇಕು. ಹಾರಿಸಿದ ಮೇಲೆ ಮತ್ತೆ ಮೊದಲಿನಿಂದ. ಪಕ್ಕದವನು ಬಿದ್ದರೆ ಬಗ್ಗಿ ನೋಡುವಂತಿಲ್ಲ, ಅವನ ಜಾಗಕ್ಕೆ ಸರಿದು ಸಾಲು ಮುಚ್ಚಬೇಕು. ಸಾಕು ಎಂದು ಅಧಿಕಾರಿ ಕೂಗುವ ತನಕ ಇದೇ ಕೆಲಸ. ನಿಜಾಮರ ಕಾಲದಲ್ಲಿ ಫರಂಗಿ ಸಿಪಾಯಿಗಳು ನಮ್ಮ ಸೀಮೆಯಲ್ಲೂ ಓಡಾಡಿದವರೇ. ಲಿಂಗಸುಗೂರಿಗೆ ಛಾವಣಿ, ಅಂದರೆ ದಂಡು ಬೀಡುಬಿಟ್ಟ ಊರು, ಎಂಬ ಹೆಸರು ಇಂದಿಗೂ ಹೋಗಿಲ್ಲ.

ಮಹಬೂಬ ನನ್ನ ಬಾಲ್ಯದ ಗೆಳೆಯ. ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಅವನ ಮನೆ, ಅಂಗಳದಲ್ಲೇ ಅವನ ಹೊಲಿಗೆ ಮಷೀನು. ಅವನು ಎಡಚ. ಕತ್ತರಿ, ಸೂಜಿ, ಇಸ್ತ್ರಿ ಪೆಟ್ಟಿಗೆ ಎಲ್ಲಾ ಎಡಗೈಯಲ್ಲೇ. ಆ ಕೈಯಿಂದಲೇ ಮನೆ ಕಟ್ಟಿದ, ಮಗಳ ಮದುವೆ ಮಾಡಿದ.

ಆ ಮಗಳ ಹೆರಿಗೆ ಕಷ್ಟವಾದಾಗ ಅವನ ಹೆಂಡತಿ ರಜಿಯಾ ಲಿಂಗಸುಗೂರಿನ ಗೋರೆಸಾಬನಿಗೆ ಹರಕೆ ಹೊತ್ತಿದ್ದಳಂತೆ. ಗೋರೆಸಾಬ ಅಂದರೆ ಬಿಳಿ ಸಾಹೇಬ. ಊರಾಚೆ ಬಳ್ಳಾರಿ ಜಾಲಿಯ ನಡುವೆ ಅವನದೊಂದು ಹಳೆಯ ಗೋರಿ ಇದೆ, ಹೆಸರಿನ ಕಲ್ಲು ಎಂದೋ ಹೋಗಿದೆ. ಸುತ್ತಲಿನ ಹಿಂದೂ ಮುಸಲ್ಮಾನರೆಲ್ಲ ಅಲ್ಲಿ ಸಕ್ಕರೆ ಇಟ್ಟು ಮುಲ್ಲಾನಿಂದ ಪ್ರಾರ್ಥನೆ ಓದಿಸುತ್ತಾರೆ, ಕೆಲಸ ಕೈಗೂಡಿದರೆ ಹಸಿರು ಬಟ್ಟೆಯ ಗಲೀಫು ಹೊದಿಸುತ್ತಾರೆ. ಗೋರಿಯ ಕಟ್ಟಡ ನೋಡಿದರೇ ಗೊತ್ತಾಗುತ್ತದೆ, ಅದು ಯಾವ ಪೀರನದೂ ಅಲ್ಲ, ಫರಂಗಿ ಸಿಪಾಯಿಯದು. ಮಹಬೂಬ ಗಲೀಫಿಗೆ ಜರಿ ಅಂಚು ಹಚ್ಚುತ್ತಿದ್ದಾಗ ನಾನು ಇದನ್ನೇ ಹೇಳಿ ಅವನ ಕಾಲೆಳೆದೆ. ಅವನು ತಲೆ ಎತ್ತಲೂ ಇಲ್ಲ.

"ಹೊಲ್ದು ಆಗೈತಿ ಮಾಸ್ತರ್. ಸಿಪಾಯಿ ಆದ್ರೇನು, ಪೀರ್ ಆದ್ರೇನು, ಹೊದಿಸೋದು ಖರೆ. ನೀನೂ ಬಾ ನಡಿ."

ಒಂದು ಗುರುವಾರ ಇಬ್ಬರೂ ಬಸ್ಸು ಹತ್ತಿ ಹೋದೆವು. ಒಬ್ಬ ಮುದುಕ ಮುಲ್ಲಾ ಸಕ್ಕರೆ ಓದಿಕೊಟ್ಟ. ಮಹಬೂಬ ಗಲೀಫು ಹಾಸಿ, ಅಂಚಿನಲ್ಲಿ ಬಿಟ್ಟಿದ್ದ ಒಂದು ದಾರವನ್ನು ಬಗ್ಗಿ ಹಲ್ಲಿನಿಂದ ಕಡಿದ. ದಿನಾ ನೂರು ಸಲ ಮಾಡುವ ಕೆಲಸ. ಆದರೆ ದಾರ ಹಲ್ಲಿನಲ್ಲಿ ಹಿಡಿದವನು ಏಳಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಇಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಕೇಳಿದ. ಒಂದೇ ಗೋರಿಯಲ್ಲವೇನೋ ಎಂದೆ.

ವಾಪಸ್ ಬರುವಾಗ ಮಸ್ಕಿಯಲ್ಲಿ ಬಸ್ಸು ನಿಂತಿತು. ಅಲ್ಲಿನ ಮಿರ್ಚಿ ಭಜಿ ಎಂದರೆ ಪ್ರಾಣ ಬಿಡುವವನು ಇಳಿಯಲಿಲ್ಲ. ಪಕ್ಕದ ಸೀಟುಗಳು ಖಾಲಿಯಾದರೂ ದಾರಿಯುದ್ದಕ್ಕೂ ತನ್ನ ಭುಜವನ್ನು ನನ್ನ ಭುಜಕ್ಕೆ ಒತ್ತಿಕೊಂಡೇ ಕೂತಿದ್ದ. ಬಿಸಿಲಿಗೆ ದಣಿದಿದ್ದಾನೆ ಎಂದುಕೊಂಡು ಅವನನ್ನು ಮನೆ ಮುಟ್ಟಿಸಿ ನಾನು ನನ್ನ ಮನೆಗೆ ಬಂದೆ.

ಇನ್ನೂ ಹೊತ್ತು ಮುಳುಗಿರಲಿಲ್ಲ, ರಜಿಯಾಳ ಫೋನು ಬಂತು. "ಅಣ್ಣಾ, ಲಗೂನ ಬರ್ರಿ. ಇವ್ರ ಕೈ ನಿಂದ್ರವಲ್ವು."

ನಾನು ಹೋದಾಗ ಮಹಬೂಬ ಅಂಗಳದ ಎಡಗೋಡೆಯ ಹತ್ತಿರ ನೆಟ್ಟಗೆ ನಿಂತಿದ್ದ. ಬಲಗೈಯನ್ನು ಬಾಯಿಗೆ ಒಯ್ದು ಏನೋ ಹರಿದ. ದಾರ ಕಡಿಯುತ್ತಿದ್ದಾನೆ ಎಂದು ರಜಿಯಾ ತಿಳಿದಿದ್ದಳಂತೆ, ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಆದರೆ ಅವನು ಮುಖ ತಿರುಗಿಸಿ ಉಗುಳಿದ. ಇಲ್ಲದ ಬಂದೂಕನ್ನು ಎಡಗೈ ಹಿಡಿದಿತ್ತು, ಬಲಗೈ ಸುರಿಯಿತು, ಸಲಾಕೆ ಎಳೆಯಿತು, ಜಡಿಯಿತು. ಆಮೇಲೆ ಎರಡೂ ಕೈ ಎತ್ತಿ ಗುರಿ ಹಿಡಿದ. ಬಲಭುಜ ಹಿಂದಕ್ಕೆ ಜಗ್ಗಿತು. ಕಾಗದ ಹಿಡಿಯಲೂ ಎಡಗೈ ಚಾಚುವ ಮನುಷ್ಯ ಇಷ್ಟನ್ನೂ ಬಲಗೈಯಲ್ಲಿ ಒಮ್ಮೆಯೂ ತಡವರಿಸದೆ ಮಾಡುತ್ತಿದ್ದ.

ನಾನು ಅವನ ಮುಂದೆ ಎಂದೂ ಇದನ್ನು ಮಾಡಿ ತೋರಿಸಿದವನಲ್ಲ. ಮಾತಿನಲ್ಲಿ ಎಂದಾದರೂ ಹೇಳಿರಬಹುದು. ಆದರೆ ಎರಡು ಮೂರು ಸಲ ಹಾರಿಸಿದ ಮೇಲೆ ಅವನು ಕತ್ತು ತಿರುಗಿಸದೆ ಬಲಕ್ಕೆ ಅರ್ಧ ಹೆಜ್ಜೆ ಸರಿದ. ಮತ್ತೆ ತುಂಬಿದ, ಮತ್ತೆ ಹಾರಿಸಿದ, ಮತ್ತೆ ಸರಿದ. ಇವರಿಗೇನಾಗಿದೆ ಎಂದು ರಜಿಯಾ ಕೇಳುತ್ತಲೇ ಇದ್ದಳು. ಅವನ ಬಲಕ್ಕಿದ್ದವರು ಒಬ್ಬೊಬ್ಬರಾಗಿ ಬೀಳುತ್ತಿದ್ದಾರೆ ಎಂದು ನನಗೆ ಗೊತ್ತಾಗಿತ್ತು.

ಗಿರಣಿಯ ಹಮಾಲರಿಬ್ಬರು ಬಂದು ಅವನ ತೋಳು ಹಿಡಿದರು. ಹಿಡಿದಷ್ಟು ಹೊತ್ತು ಸುಮ್ಮನಿದ್ದ, ಆದರೆ ಕಣ್ಣಿನಲ್ಲಿ ಎಂಥ ಗಾಬರಿ ಇತ್ತೆಂದರೆ ಅವರೇ ಕೈಬಿಟ್ಟರು. ಬಿಟ್ಟ ಕೂಡಲೇ ಹಿಂದೆ ಬಿದ್ದ ಕೆಲಸ ಮುಗಿಸುವವನ ಹಾಗೆ ಇನ್ನೂ ಬೇಗ ಬೇಗ ತುಂಬತೊಡಗಿದ. ತುಟಿ ಒಡೆದು ರಕ್ತ ಬರುತ್ತಿತ್ತು. ಆಸ್ಪತ್ರೆಗೆ ಒಯ್ಯಲು ಆಟೋ ತರಿಸಿದೆವು, ಅವನ ಪಾದವನ್ನು ನೆಲದಿಂದ ಕೀಳಲು ಯಾರಿಂದಲೂ ಆಗಲಿಲ್ಲ.

ಸಾಕು ಎಂದು ಯಾರಾದರೂ ಹುಕುಂ ಕೊಟ್ಟರೆ ಮಾತ್ರ ಅವನು ನಿಲ್ಲುತ್ತಾನೆ, ಅದೂ ನನಗೆ ಗೊತ್ತಿತ್ತು. ನಾಚಿಕೆ ಬಿಟ್ಟು ಅಧಿಕಾರಿಯ ಹಾಗೆ ಇಂಗ್ಲಿಷಿನಲ್ಲಿ ಕೂಗಿದೆ. ಕನ್ನಡದಲ್ಲಿ ಕೂಗಿದೆ. ರಜಿಯಾ ಕಾಲು ಹಿಡಿದು "ಬಸ್ ಕರೋ ಜೀ" ಎಂದು ಬೇಡಿಕೊಂಡಳು. ಅವನು ತುಂಬುತ್ತಲೇ ಇದ್ದ. ಆ ಗೋರಿಯಲ್ಲಿ ಮಲಗಿದವನು ಇಂಗ್ಲೆಂಡಿನವನೋ, ಫ್ರೆಂಚನೋ, ಇನ್ನಾವ ದೇಶದವನೋ? ಯಾವ ಭಾಷೆಯಲ್ಲಿ ನಿಲ್ಲು ಎಂದರೆ ಅವನಿಗೆ ತಿಳಿದೀತು? ಇಷ್ಟು ವರ್ಷ ಓದಿದ್ದರಲ್ಲಿ ಆ ಒಂದು ಶಬ್ದ ನನ್ನ ಬಳಿ ಇರಲಿಲ್ಲ. ಅಷ್ಟು ನಿಸ್ಸಹಾಯಕನಾಗಿ ನಾನು ಜೀವಮಾನದಲ್ಲಿ ಎಂದೂ ನಿಂತಿಲ್ಲ.

ಕೊನೆಗೆ ನಾನು ಮಾಡಿದ್ದು ಹುಚ್ಚುತನವೇ. ಅವನ ಬಲಗಡೆ ಹೋಗಿ ಭುಜಕ್ಕೆ ಭುಜ ತಾಗಿಸಿ ನಿಂತೆ. ಪಕ್ಕದಲ್ಲಿ ಒಬ್ಬನಾದರೂ ಇದ್ದಾನೆ ಎಂದು ತಿಳಿದರೆ ಸರಿಯುವುದನ್ನಾದರೂ ಬಿಟ್ಟಾನು ಎಂಬ ಆಸೆ. ನಿಜವಾಗಿಯೂ ಬಿಟ್ಟ. ಅವನ ಉಸಿರು ನಿಧಾನವಾಯಿತು, ಕೈಗಳೂ ನಿಧಾನವಾದವು. ರಜಿಯಾ ಅಳು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ನಾನು ಬಲಕ್ಕೆ ಅರ್ಧ ಹೆಜ್ಜೆ ಸರಿದೆ. ಯಾರೂ ನನ್ನನ್ನು ತಳ್ಳಲಿಲ್ಲ, ಸರಿಯಬೇಕೆಂದು ನಾನು ಅಂದುಕೊಳ್ಳಲೂ ಇಲ್ಲ. ನನ್ನ ಭುಜ ಬಿಟ್ಟ ಆ ಜಾಗದಲ್ಲಿ ಮಹಬೂಬ ಸದ್ದಿಲ್ಲದೆ ಕುಸಿದು ಬಿದ್ದ.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಇರಬಹುದು. ಆ ಕೈ ಆಡಿಸಿದ್ದೂ ಅದರದೇ ಲಕ್ಷಣ ಎಂದರು, ಅದೂ ಇರಬಹುದು. ಆದರೆ ಇವರ ಬಲಭುಜಕ್ಕೆ ಯಾರು ಹೊಡೆದರು ಎಂದು ಅವರೇ ನಮ್ಮನ್ನು ಕೇಳಿದರು. ಅಲ್ಲಿ ಚರ್ಮ ನೀಲಿಗಟ್ಟಿತ್ತು.

ಮಹಬೂಬ ಬದುಕಿದ್ದಾನೆ. ಮಾತು ಹೋಗಿದೆ, ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತವೆ, ರಜಿಯಾ ತುತ್ತು ಮಾಡಿ ಉಣಿಸುತ್ತಾಳೆ. ವಾರಕ್ಕೊಮ್ಮೆ ಹೋಗಿ ಅವನ ಹತ್ತಿರ ಕೂತು ಬರುತ್ತೇನೆ. ಮೊನ್ನೆ ಅವಳು ಚಹಾ ಕೊಡುತ್ತ ಮೆಲ್ಲಗೆ ಕೇಳಿದಳು.

"ಅಣ್ಣಾ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಬಾಜೂಕ ನಿಂತಾಗ ಅವ್ರು ಆರಾಮ ಆಗಾಕತ್ತಿದ್ರು. ಆ ಹೊತ್ತಿನ್ಯಾಗ ನೀವ್ಯಾಕ ಸರದ್ರಿ?"

ಹೆದರಿಕೆಯಾಯಿತಮ್ಮ ಎಂದೆ. ಹೆದರಿದವನು ಹಿಂದಕ್ಕೆ ಸರಿಯುತ್ತಾನೆ, ಬಲಕ್ಕಲ್ಲ ಎಂಬುದು ಅವಳಿಗೂ ತಿಳಿಯುತ್ತದೆ. ಆದರೆ ಆ ಸಂಜೆ ನನ್ನ ಬಲಭುಜಕ್ಕೂ ಒಂದು ಭುಜ ತಾಗಿತ್ತು, ಇದ್ದಕ್ಕಿದ್ದಂತೆ ಅದು ಇಲ್ಲವಾಯಿತು ಎಂದು ಅವಳಿಗೆ ಹೇಗೆ ಹೇಳಲಿ?