ಬೆಂಕಿಪೊಟ್ಟಣಕ್ಕೆ ಬುದ್ಧಿ ಬಂದ ದಸರಾ

ನಾನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿನಲ್ಲಿ. ಅಪ್ಪನ ಸೊಂಟ ಹಿಡಿದುಕೊಂಡಿತ್ತು, ಮಗ್ಗ ನಿಲ್ಲಿಸುವಂತಿರಲಿಲ್ಲ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮಗ್ಗದ ಮೇಲೆ ಕೂತು ವಿನ್ಯಾಸ ನೇಯಿಸುವ ಜಕಾರ್ಡಿನ ರಟ್ಟಿಗೆ ತೂತು ಹೊಡೆದು ಸೀರೆ ಸೆರಗಿನಲ್ಲಿ ನವಿಲು ಎಬ್ಬಿಸುವ ಕೆಲಸಕ್ಕೆ ದೊಡ್ಡಬಳ್ಳಾಪುರದಲ್ಲಿ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆದರೆ ಹೈಸ್ಕೂಲಿನ ಗೇಟು ದಾಟುವಾಗ ಸೈಕಲ್ಲಿನ ಪೆಡಲನ್ನು ಸ್ವಲ್ಪ ಜೋರಾಗಿ ತುಳಿಯುತ್ತಿದ್ದೆ, ಅದೂ ನಿಜ.

ಆ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದವನು ಐದನೇ ಕ್ಲಾಸಿನವರೆಗೂ ನನ್ನ ಪಕ್ಕ ಕೂತಿದ್ದ ಗೆಳೆಯ. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ದಸರಾಕ್ಕೆ ಇನ್ನೂ ಒಂದು ತಿಂಗಳಿರುವಾಗ, ಒಂದು ಇಂಗ್ಲಿಷ್ ಪತ್ರಿಕೆ ಹಿಡಿದುಕೊಂಡು ಮಗ್ಗದ ಮನೆಗೆ ಬಂದ.

"ಲೋ, ಯೋಚನೆ ಮಾಡೋ ಯಂತ್ರ ಒಂದನ್ನ ಮಾಡ್ಬೇಕು ಕಣೋ. ಶಾಲೇಲಿ ದಸರಾ ವಸ್ತುಪ್ರದರ್ಶನ ಇದೆ. ಜನ ಬಂದು ಕೈಯಾರೆ ಆಡಿಸಿ ನೋಡ್ಬೇಕು."

"ಮೋಟಾರು ಎಷ್ಟು ಹಾರ್ಸ್‌ಪವರ್ದು?"

"ಮೋಟಾರೇ ಬೇಡ. ಬೆಂಕಿಪೊಟ್ಟಣ ಸಾಕು. ಇಪ್ಪತ್ತನಾಲ್ಕು."

ಗೇಲಿ ಮಾಡುತ್ತಿದ್ದಾನೆ ಅಂದುಕೊಂಡೆ. ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಮನೆ ಬರೆದ. ಈ ಕಡೆ ಮೂರು ಹುಣಸೆಬೀಜ, ಆ ಕಡೆ ಮೂರು ಕವಡೆ. ಎದುರಿನ ಮನೆ ಖಾಲಿಯಿದ್ದರೆ ನೇರವಾಗಿ ಒಂದು ಮನೆ ಮುಂದಕ್ಕೆ ನಡೆಯಬಹುದು, ಓರೆಯಲ್ಲಿ ಎದುರಾಳಿಯ ಕಾಯಿ ಇದ್ದರೆ ಕಡಿಯಬಹುದು. ಆಚೆ ಸಾಲು ಮುಟ್ಟಿದವನು ಗೆದ್ದ. ನಡೆಯಲು ಜಾಗವಿಲ್ಲದೆ ನಿಂತವನು ಸೋತ. ಹುಣಸೆಬೀಜ ಮನುಷ್ಯರದು, ಕವಡೆ ಯಂತ್ರದ್ದು.

ಕವಡೆಗೆ ಎದುರಾಗಬಹುದಾದ ಒಂದೊಂದು ಸನ್ನಿವೇಶಕ್ಕೂ ಒಂದೊಂದು ಪೊಟ್ಟಣ. ಮೇಲೆ ಆ ಸನ್ನಿವೇಶದ ಚಿತ್ರ, ನಡೆಯಬಹುದಾದ ದಾರಿಗಳಿಗೆ ಬೇರೆ ಬೇರೆ ಬಣ್ಣದ ಬಾಣ. ಒಳಗೆ ಅದೇ ಬಣ್ಣಗಳ ರೇಷ್ಮೆ ನೂಲಿನ ಗಂಟು, ಬಣ್ಣಕ್ಕೊಂದು. ಕಣ್ಣು ಮುಚ್ಚಿ ಒಂದು ಗಂಟು ತೆಗೆಯಬೇಕು. ಯಾವ ಬಣ್ಣ ಬಂತೋ ಆ ಬಾಣದಂತೆ ಕವಡೆ ನಡೆಯಬೇಕು. ಯಂತ್ರ ಗೆದ್ದರೆ ಗಂಟುಗಳು ವಾಪಸ್ ಪೊಟ್ಟಣಕ್ಕೆ. ಸೋತರೆ ಕೊನೆಯದಾಗಿ ಬಂದ ಗಂಟನ್ನು ಪೌಡರ್ ಡಬ್ಬಿಗೆ ಹಾಕಿ ಮುಚ್ಚಬೇಕು. ಆ ತಪ್ಪನ್ನು ಅದು ಇನ್ನೊಮ್ಮೆ ಮಾಡಲಾರದು. ಯಾವ ನಡೆ ನಡೆದರೂ ಸೋಲೇ ಅನ್ನುವ ಸನ್ನಿವೇಶದ ಪೊಟ್ಟಣ ಕೊನೆಗೆ ಖಾಲಿಯೇ ಆಗುತ್ತದೆ. ಮತ್ತೆ ಅಲ್ಲಿಗೆ ಬಂದರೆ ಯಂತ್ರ ಸೋತಂತೆ, ಅದಕ್ಕೂ ಹಿಂದಿನ ನಡೆಯ ಗಂಟು ಡಬ್ಬಿಗೆ.

"ಇಷ್ಟೇನಾ?"

"ಇಷ್ಟೇ. ಆಡ್ತಾ ಆಡ್ತಾ ತಾನೇ ಕಲಿಯುತ್ತೆ. ಮೇಜಿನ ಹತ್ರ ನಿಂತು ಜನಕ್ಕೆ ಹೇಳೋನು ನೀನೇ."

ಹೆಡ್ ಮಾಸ್ಟರಿಗೆ ಇದು ಸರಿಬರಲಿಲ್ಲ. "ಓದಿಲ್ಲದವರನ್ನ ವಿಜ್ಞಾನದ ಮೇಜಿಗೆ ನಿಲ್ಲಿಸ್ತೀರೇನ್ರೀ ಮೇಷ್ಟ್ರೇ?" ಅಂದರಂತೆ. ಗೆಳೆಯ ಬಿಡಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದರು. ಮೊದಲ ಆಟ ತಾವೇ ಆಡುವುದು. ಯಂತ್ರ ಪೆದ್ದುಪೆದ್ದಾಗಿ ಆಡಿದರೆ ಮೇಜು ತೆರವು.

ಅಷ್ಟು ಕೇಳಿದ ಮೇಲೆ ನನಗೆ ಹಟ ಬಂತು. ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ಆಡಿದೆ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಕೆಲಸ ಬದಿಗಿಟ್ಟು ನನ್ನ ಹೆಂಡತಿಯೂ ಒಮ್ಮೊಮ್ಮೆ ಬಂದು ನೋಡುವಳು. ಮೊದಮೊದಲು ಯಂತ್ರ ಬರೀ ಸೋತಿತು. ಆಮೇಲಾಮೇಲೆ ನನಗೇ ಕಷ್ಟ ಕೊಡತೊಡಗಿತು. ಹಬ್ಬದ ಹೊತ್ತಿಗೆ ನಾನು ಏನು ಮಾಡಿದರೂ ಗೆಲ್ಲಲಾಗಲಿಲ್ಲ. ಸೋತದ್ದಕ್ಕೆ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಆಯುಧಪೂಜೆಯ ದಿನ ಮಗ್ಗ, ಲಾಳಿ, ಕತ್ತರಿ ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. "ಇದೂ ದುಡಿಯೋ ಸಾಮಾನೇ, ಪೂಜೆಗಿಡು" ಅಂತ ಪೊಟ್ಟಣಗಳೂ ಪೌಡರ್ ಡಬ್ಬಿಯೂ ಇದ್ದ ತಟ್ಟೆಯನ್ನು ನಾನೇ ಹೆಂಡತಿಯ ಕೈಗೆ ಕೊಟ್ಟು ಹೂ ತರಲು ಹೋದೆ.

ವಿಜಯದಶಮಿಯ ಬೆಳಿಗ್ಗೆ ಶಾಲೆಯ ಹಜಾರ ತುಂಬಿತ್ತು. ಹೆಡ್ ಮಾಸ್ಟರು ಬಂದು ಮೂಲೆಯ ಹುಣಸೆಬೀಜವನ್ನು ಒಂದು ಮನೆ ಮುಂದಿಟ್ಟರು. ಆ ಸನ್ನಿವೇಶದ ಪೊಟ್ಟಣ ಹುಡುಕಿ ಕಣ್ಣು ಮುಚ್ಚಿ ತೆಗೆದೆ. ಕೆಂಪು ಗಂಟು. ಆ ಕೆಂಪನ್ನು ನಾನು ತೆಗೆದುಹಾಕಿ ಮೂರು ವಾರ ಆಗಿತ್ತು. ಕೆಂಪು ಬಾಣದಂತೆ ಆಚೆ ಮೂಲೆಯ ಕವಡೆಯನ್ನು ಮುಂದಿಟ್ಟೆ. ಹೆಡ್ ಮಾಸ್ಟರು ನಡುವಿನ ಕವಡೆಯನ್ನು ಓರೆಯಲ್ಲಿ ಕಡಿದು ಸೀದಾ ಕೊನೆಯ ಸಾಲಿಗೆ ಬಂದು ಕೂತರು. ಎರಡೇ ನಡೆ.

"ಇದೇನಪ್ಪಾ ಇದು, ನಮ್ಮನೇಲಿ ತೊಟ್ಟಿಲಲ್ಲಿರೋ ಮೊಮ್ಮಗು ಇದಕ್ಕಿಂತ ಚೆನ್ನಾಗಾಡುತ್ತೆ" ಅಂದರು. ಜನ ನಕ್ಕರು.

ಪೌಡರ್ ಡಬ್ಬಿ ತೆರೆದೆ. ಒಂದು ಗಂಟೂ ಇಲ್ಲ. ಹೆಂಡತಿ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ನಿಂತಿದ್ದಳು.

"ಲೇ, ಡಬ್ಬಿಯೊಳಗಿನ ಗಂಟುಗಳೆಲ್ಲಿ?"

"ಎಲ್ಲಾ ಪೊಟ್ಟಣಕ್ಕೆ ಹಾಕ್ದೆ ಕಣ್ರೀ. ಒಂದೆರಡು ಪೂರ್ತಿ ಖಾಲಿ ಇದ್ವು. ಇನ್ನು ಕೆಲವಕ್ಕೆ ಮೇಲೆ ಮೂರು ಬಣ್ಣ, ಒಳಗೆ ಒಂದೇ ಬಣ್ಣ. ಹಬ್ಬದ ದಿನ ಪೂಜೆಗೆ ಯಾರಾದ್ರೂ ಖಾಲಿ ಪೊಟ್ಟಣ ಇಡ್ತಾರಾ?"

ಬಣ್ಣಕ್ಕೆ ಬಣ್ಣ ಜೋಡಿಸುವುದರಲ್ಲಿ ಅವಳ ಕಣ್ಣು ತಪ್ಪುವುದಿಲ್ಲ. ಒಂದು ತಿಂಗಳ ಕಲಿಕೆಯನ್ನು ಅಚ್ಚುಕಟ್ಟಾಗಿ ಅಳಿಸಿಟ್ಟಿದ್ದಳು.

ಬೈಯಲು ಬಾಯಿ ತೆರೆದವನಿಗೆ ಯಾಕೋ ನಗು ಬಂದುಬಿಟ್ಟಿತು. ಆರನೇ ಕ್ಲಾಸಿಗೇ ಬಿಟ್ಟವನು ಶಾಲೆಯೊಂದರಿಂದ ಇನ್ನೊಮ್ಮೆ ಎದ್ದು ಹೋಗುವುದು ಬೇಡವೆನಿಸಿತು. ಕೆಂಪು ಗಂಟನ್ನು ಹೆಡ್ ಮಾಸ್ಟರ ಅಂಗೈಯಲ್ಲಿಟ್ಟೆ.

"ಸಾರ್, ಇದಕ್ಕೆ ಇವತ್ತು ಒಂದನೇ ಕ್ಲಾಸು. ಮೊದಲನೇ ಪಾಠ ನಿಮ್ಮದೇ. ಆ ತಪ್ಪನ್ನ ನೀವೇ ಡಬ್ಬಿಗೆ ಹಾಕಿ. ಸಂಜೆ ಬಂದು ಇನ್ನೊಂದಾಟ ಆಡಿ. ಆಗ್ಲೂ ಪೆದ್ದಾಗೇ ಇದ್ರೆ ಮೇಜನ್ನ ನಾನೇ ಹೊತ್ಕೊಂಡು ಹೋಗ್ತೀನಿ."

ಅವರು ಗಂಟನ್ನು ಡಬ್ಬಿಗೆ ಹಾಕಿ ಹೊರಟರು.

ಆಮೇಲೆ ಸಾಲು ಹತ್ತಿತು. ಯಂತ್ರವನ್ನು ಸೋಲಿಸುವುದು ಸುಲಭವೆಂದು ಎಲ್ಲರಿಗೂ ಗೊತ್ತಾಗಿತ್ತಲ್ಲ. ಗೆದ್ದವರ ಕೈಯಲ್ಲೇ ಗಂಟು ತೆಗೆಸಿ ಡಬ್ಬಿಗೆ ಹಾಕಿಸಿದೆ. ಅದರಲ್ಲೇ ಅವರಿಗೆ ಖುಷಿ. ಬಸ್ ಕಂಡಕ್ಟರೊಬ್ಬ ಮೂರು ಸಲ ಗೆದ್ದು, "ನಾನು ಇದಕ್ಕೆ ಮೂರು ಬುದ್ಧಿ ಹೇಳಿದ್ದೀನಿ, ನೆನಪಿಟ್ಕೋ ಗುರು" ಅಂತ ಪೊಟ್ಟಣಕ್ಕೇ ಹೇಳಿ ಹೋದ. ಹೂ ಮಾರುವ ಅಜ್ಜಿ ಮಾತ್ರ ಗೆದ್ದ ಮೇಲೆ ಗಂಟನ್ನು ಡಬ್ಬಿಗೆ ಹಾಕದೆ ಸೆರಗಿಗೆ ಕಟ್ಟಿಕೊಳ್ಳಲು ನೋಡಿದಳು. "ಪಾಪ, ಒಂದು ಸಲ ತಪ್ಪಿದ್ದಕ್ಕೆ ಎತ್ತಿ ಬಿಸಾಕ್ತೀರಲ್ಲಪ್ಪ, ನಾನು ಸಾಕ್ಕೊಳ್ತೀನಿ."

ಮಧ್ಯಾಹ್ನದ ಹೊತ್ತಿಗೆ ನಗು ಬೇರೆ ಥರ ಆಯಿತು. ಕಂಡಕ್ಟರು ಬೆಂಗಳೂರಿಗೆ ಒಂದು ಟ್ರಿಪ್ಪು ಮುಗಿಸಿ ಬಂದು ಮತ್ತೆ ಕೂತ. ಸೋತ. ಇನ್ನೊಂದಾಟ ಆಡಿದ, ಮತ್ತೆ ಸೋತ.

"ಬೆಳಿಗ್ಗೆ ನಾನೇ ಹೇಳ್ಕೊಟ್ಟಿದ್ದು, ಈಗ ನನಗೇ ತಿರುಗಿಸ್ತಾ ಇದ್ಯಲ್ಲಾ."

"ನಿನಗೆ ಗೊತ್ತಿರೋದಿಷ್ಟೇ ಅಂತ ಅದಕ್ಕೆ ಗೊತ್ತಾಗೋಯ್ತು ಕಣೋ" ಅಂದ ಹಿಂದೆ ನಿಂತಿದ್ದವನು.

ನಾಲ್ಕು ಗಂಟೆಗೆ ಹೆಡ್ ಮಾಸ್ಟರು ಬಂದರು. ಜನ ತಾವಾಗಿ ದಾರಿ ಬಿಟ್ಟರು. ಅವರು ಬೆಳಿಗ್ಗೆಯ ನಡೆಯನ್ನೇ ನಡೆದರು. ಅದೇ ಪೊಟ್ಟಣ. ಕಣ್ಣು ಮುಚ್ಚಿ ತೆಗೆದೆ. ಹಸಿರು ಬಂತು. ನಡುವಿನ ಕವಡೆ ಅವರ ಬೀಜವನ್ನು ಕಡಿಯಿತು. ಅವರು ತಿರುಗಿ ಕಡಿದರು. ಮುಂದಿನ ಪೊಟ್ಟಣದಿಂದ ಬಂದ ಗಂಟಿನಂತೆ ಆಚೆ ಮೂಲೆಯ ಕವಡೆ ಒಂದು ಮನೆ ಮುಂದೆ ಬಂತು. ಬೆಳಿಗ್ಗೆ ಅವಸರಪಟ್ಟು ಯಂತ್ರವನ್ನು ಸೋಲಿಸಿದ್ದ ಅದೇ ಕವಡೆ. ಹೆಡ್ ಮಾಸ್ಟರ ಬೀಜಗಳೆರಡರ ಮುಂದೆಯೂ ಒಂದೊಂದು ಕವಡೆ ಅಡ್ಡ ನಿಂತಿತ್ತು. ನಡೆಯಲು ಜಾಗವಿಲ್ಲ.

ಅವರು ಒಂದೊಂದು ಬೀಜದ ಮುಂದೂ ಬೆರಳಿಟ್ಟು ನೋಡಿದರು. "ಇದಕ್ಕೆ ಯಾರಯ್ಯಾ ಹೇಳ್ಕೊಟ್ಟಿದ್ದು?"

"ನಾವೇ ಸಾರ್" ಅಂತ ಹಜಾರವೇ ಹೇಳಿತು. ಹೂವಿನ ಅಜ್ಜಿಯ ದನಿ ಎಲ್ಲರಿಗಿಂತ ಜೋರಾಗಿತ್ತು.

ಅವರು ಪೌಡರ್ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಗಂಟುಗಳ ರಾಶಿಯಲ್ಲಿ ಬೆರಳಾಡಿಸಿದರು. "ಇದರಲ್ಲಿ ನನ್ನದು ಯಾವುದು?"

"ಯಾವುದಾದ್ರೂ ಒಂದು ಕೆಂಪು, ಸಾರ್."

ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡು, "ನಾಳೆನೂ ಬನ್ನಿ ಮೇಷ್ಟ್ರೇ" ಅಂದರು. ಗೆಳೆಯ ಮುಂದೆ ಬಂದ. ಅವರು ನೋಡುತ್ತಿದ್ದದ್ದು ನನ್ನನ್ನು. "ಆದ್ರೆ ಇವನ್ನೆಲ್ಲ ವಾಪಸ್ ತುಂಬಿಸ್ಕೊಂಡು ಬನ್ನಿ. ನಾಳೆ ಬರೋ ಜನಾನೂ ಇದಕ್ಕೆ ಕಲಿಸ್ಬೇಕಲ್ಲ."

ಪ್ರದರ್ಶನ ನಡೆದಷ್ಟು ದಿನವೂ ಸಂಜೆ ಮನೆಗೆ ಬಂದ ಕೂಡಲೇ ತಟ್ಟೆಯನ್ನು ಹೆಂಡತಿಯ ಮುಂದಿಡುತ್ತಿದ್ದೆ. ಅವಳು ಬಣ್ಣ ನೋಡಿ ಗಂಟು ಹಾಕುತ್ತಾ, "ಪೂಜೆಯ ದಿನ ಇದನ್ನೇ ಮಾಡಿದ್ದಕ್ಕೆ ಗುರಾಯಿಸಿದ್ರಲ್ಲ" ಅನ್ನುವಳು. ಅದಾದ ಮೇಲೆ ಹೈಸ್ಕೂಲಿನ ಗೇಟಿನ ಮುಂದೆ ನಾನು ಸೈಕಲ್ಲನ್ನು ನಿಧಾನವಾಗಿಯೇ ಬಿಡುತ್ತಿದ್ದೆ, ಯಾರಾದರೂ ಕರೆದು ಮಾತಾಡಿಸಲಿ ಅಂತ.