ಬೇಸಿಗೆ ಮಂಟಪದ ಕೆಳಗಿನ ನೀರು

ಮಸ್ಕತ್ತಿನ ಹೊರಗೆ, ಖರ್ಜೂರದ ತೋಟದ ನಡುವೆ ಕಂಬಗಳಿರುವ ಹಳೆಯ ಬೇಸಿಗೆ ಮಂಟಪ. ನಗರದ ದಾರ್ಸೈಟ್ ಬಡಾವಣೆಯಲ್ಲಿರುವ ಅಕ್ಕ ಬೆಳಗಿನಿಂದ ನನ್ನನ್ನು ನಿಲ್ಲಿಸಿದ ನಾಲ್ಕನೆಯ ಜಾಗ ಇದು. ಗಂಡಿನ ಮನೆಯವರಿಗೆ ಸಂಜೆಯೊಳಗೆ ನನ್ನ ಫೋಟೋ ಹೋಗಬೇಕಂತೆ.

"ಸ್ವಲ್ಪ ನಗು ಮಾರಾಯ್ತಿ, ವೀಸಾದ ಫೋಟೋ ಅಲ್ಲ ಇದು."

ನಗುವಷ್ಟು ತ್ರಾಣ ಉಳಿದಿರಲಿಲ್ಲ. ಈ ಬಿಸಿಲಲ್ಲೂ ಕಾಲಡಿಯ ಕಲ್ಲಿನಿಂದ ತಂಪು ಏಳುತ್ತಿತ್ತು. ಬಗ್ಗಿ ನೋಡಿದರೆ ತೋಟದ ಕಾಲುವೆ ಮಂಟಪದ ನೆಲದ ಕೆಳಗೇ ಹರಿಯುತ್ತಿದೆ. ಅದು ಹೊರಬರುವ ಮೆಟ್ಟಿಲಲ್ಲಿ ಮುದುಕ ಮಾಲಿಯೊಬ್ಬರು ಪಾದ ಇಳಿಬಿಟ್ಟು ಕೂತಿದ್ದರು. ನನ್ನ ಮುಖ ನೋಡಿ ಎದ್ದು ಜಾಗ ಬಿಟ್ಟರು.

"ಯಲ್ಲಾ, ಬೈಠೋ," ಬಾ, ಕೂತ್ಕೋ ಎಂದು ಕೈ ತೋರಿದರು.

ಚಪ್ಪಲಿ ಕಳಚಿ ನೀರಿಗೆ ಕಾಲಿಟ್ಟೆ. ಕಣ್ಣು ತಾನಾಗಿ ಮುಚ್ಚಿತು. ಅಕ್ಕನ ಫೋನ್ ಕ್ಲಿಕ್ ಎಂದಿತು.

"ಖಲಾಸ್! ಇದೂ ಹಾಳಾಯ್ತು. ಕಣ್ಣು ಮುಚ್ಚಿದ್ದಿ ನೀನು."

"ಅದನ್ನೇ ಕಳಿಸು, ಅಕ್ಕಾ," ಎಂದೆ.