ಅಕ್ಕ ಪರದೇಶಿ, ತಂಗಿ ಮುಲ್ಕಿ

ಇಂಗ್ಲಿಷ್ ಬರುತ್ತದೆಂದು ನೆರೆಮನೆಯ ಗುರಮ್ಮಕ್ಕ ನನ್ನನ್ನು ಚಿತ್ತಾಪುರದ ಕಚೇರಿಗೆ ಕರೆದೊಯ್ದರು. ಅಲ್ಲಿ ಕಾಗದಪತ್ರವೆಲ್ಲ ಉರ್ದುವಿನಲ್ಲಿ. ನನ್ನ ಇಂಗ್ಲಿಷ್ ಉಪಯೋಗಕ್ಕೆ ಬರಲಿಲ್ಲ. ಗುರಮ್ಮಕ್ಕನ ಹಿರಿಮಗಳ ನರ್ಸ್ ತರಬೇತಿಗೆ ಸರ್ಕಾರದ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಬೇಕಿತ್ತು. ಅದು ಮುಲ್ಕಿಗಳಿಗೆ, ಅಂದರೆ ನಿಜಾಮರ ಸೀಮೆಯವರಿಗೆ ಮಾತ್ರ.

"ಹುಡುಗಿ ಹುಟ್ಟಿದ್ದೆಲ್ಲಿ?" ಗುಮಾಸ್ತರು ಕೇಳಿದರು.

"ಸೊಲ್ಲಾಪುರದಾಗ್ರಿ, ನನ್ನ ತವರಿನ್ಯಾಗ."

"ಅದು ಇಂಗ್ಲಿಷರ ಸೀಮಿ. ಈಕಿ ಪರದೇಶಿ."

"ಈಕಿ ತಂಗಿ ಇಲ್ಲೇ ಹುಟ್ಟ್ಯಾಳ್ರಿ."

"ಹಂಗಾರ ತಂಗಿ ಮುಲ್ಕಿ."

"ಇಬ್ಬರಿಗೂ ಅಪ್ಪ ಒಬ್ಬನೇರಿ. ಚೊಚ್ಚಲ ಹೆರಿಗಿ ತವರಿನ್ಯಾಗಲ್ದ ಮತ್ತೆಲ್ಲಿ ಮಾಡ್ತಾರ? ನಿಮ್ಮ ಮನ್ಯಾಗ ಹೆಂಗ್ರಿ?"

ಗುಮಾಸ್ತರು ಅರ್ಜಿಯನ್ನು ಮೇಜಿನ ಮೇಲಿಟ್ಟರು.

"ನಾಳಿ ಬರ್ರಿ ಬಾಯಿ, ಸಾಹೇಬರನ್ನ ಕೇಳ್ತೀನಿ."

ಮರುದಿನ ಗುಮಾಸ್ತರೇ ಇರಲಿಲ್ಲ. ಅವರ ಹೆಂಡತಿಯ ತವರೂ ಸೊಲ್ಲಾಪುರವಂತೆ. ಚೊಚ್ಚಲ ಹೆರಿಗೆಗೆ ಹೋದವಳನ್ನು ನೋವು ಬರುವ ಮೊದಲೇ ಕರೆತರಲು ರೈಲು ಹತ್ತಿದ್ದರಂತೆ. ಗುರಮ್ಮಕ್ಕನ ಅರ್ಜಿ ಮಾತ್ರ ಅವರ ಮೇಜಿನ ಮೇಲೇ ಕೂತಿತ್ತು.